ತಟ್ಟೆಯಂಚಿಗೆ ಸರಿದ ಹುರುಳಿಕಾಯಿ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 2 ವರ್ಷ 4 ತಿಂಗಳು. ಹುಟ್ಟಿದಾಗ 2.9 ಕೆ.ಜಿ., ಮೊದಲ ಹುಟ್ಟುಹಬ್ಬಕ್ಕೆ 8.8, ಈಗ 11.2 ಕೆ.ಜಿ. ಒಂದೂವರೆ ವರ್ಷದವರೆಗೆ ಪರಂಗಿ ಹಣ್ಣು, ಕ್ಯಾರೆಟ್, ಸೊಪ್ಪು ಹಾಕಿದ ಕಿಚಡಿ ಎಲ್ಲ ತಿನ್ನುತ್ತಿದ್ದಳು. ಈಗ ಮೊಸರನ್ನ, ತಿಳಿಸಾರನ್ನ, ದೋಸೆ, ಬಿಸ್ಕತ್ತು ಅಷ್ಟೇ. ಚಿತ್ರಾನ್ನದಲ್ಲಿ ಒಂದು ಎಸಳು ಕರಿಬೇವು ಕಂಡರೂ ತಟ್ಟೆ ತಳ್ಳುತ್ತಾಳೆ. ಬಾಳೆಹಣ್ಣು ಮುರಿದುಹೋದರೆ ರಂಪ. ನಾನು ಬೆಳಿಗ್ಗೆ 8ಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ 7ಕ್ಕೆ. ಹಗಲೆಲ್ಲ ಅತ್ತೆ ನೋಡಿಕೊಳ್ಳುತ್ತಾರೆ, ಮೊಬೈಲ್ ತೋರಿಸಿ ಉಣಿಸುತ್ತಾರೆ. ಊಟ ಸೇರಲಿಲ್ಲ ಅಂತ ದಿನಕ್ಕೆ ನಾಲ್ಕು ಲೋಟ ಹಾಲು, ಪೌಡರ್ ಬೆರೆಸಿ. ನಮ್ಮ ಯಜಮಾನರೂ ಹುಳಿಯಲ್ಲಿನ ಹುರುಳಿಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುವವರೇ. ದೃಷ್ಟಿಯನ್ನೂ ತೆಗೆಸಿದ್ದಾಯಿತು. ಹಸಿವಾಗಲು ಒಂದು ಒಳ್ಳೆಯ ಟಾನಿಕ್ ಹೇಳಿ.
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ತೂಕದ ಲೆಕ್ಕ ಮುಗಿಸಿಬಿಡೋಣ. ಅದು ತಲೆಯಲ್ಲಿ ಕೊರೆಯುತ್ತಿದ್ದರೆ ಮುಂದೆ ನಾನು ಹೇಳುವ ಯಾವುದೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಮೊದಲ ವರ್ಷದಲ್ಲಿ ನಿಮ್ಮ ಮಗಳು 5.9 ಕೆ.ಜಿ. ಏರಿದಳು, ಆಮೇಲಿನ 16 ತಿಂಗಳಲ್ಲಿ 2.4 ಕೆ.ಜಿ. ನೋಡಿದರೆ ಮಗು ಸೊರಗಿದ ಹಾಗೆ ಅನ್ನಿಸುತ್ತದೆ. ಆದರೆ ಎಲ್ಲ ಮಕ್ಕಳೂ ಬೆಳೆಯುವುದು ಹೀಗೇ. ಮೊದಲ ವರ್ಷದ ಓಟದಲ್ಲೇ ಬೆಳೆದಿದ್ದರೆ ಐದು ವರ್ಷಕ್ಕೆ ಅವಳು 32 ಕೆ.ಜಿ. ದಾಟಿರುತ್ತಿದ್ದಳು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 28 ತಿಂಗಳ ಹೆಣ್ಣುಮಗುವಿನ ನಡುಮಟ್ಟದ ತೂಕ 12.3 ಕೆ.ಜಿ. ಕಡಿಮೆ ತೂಕ ಅಂತ ನಾವು ಬರೆಯುವುದು 9.7ಕ್ಕಿಂತ ಕೆಳಗಿದ್ದರೆ. 11.2ರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ನೋಡಿ. ಚುಕ್ಕೆಗಳು ಗೆರೆಯ ಪಕ್ಕಪಕ್ಕದಲ್ಲೇ ಸಾಗುತ್ತಿದ್ದರೆ ಸಾಕು. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ, ತಗ್ಗಬೇಕು.

ಇನ್ನು, ಮೊದಲು ತಿನ್ನುತ್ತಿದ್ದವಳು ಈಗ ಯಾಕೆ ಬಿಟ್ಟಳು? ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳಲ್ಲಿ ಹೊಸ ಆಹಾರದ ಭಯ ಶುರುವಾಗುತ್ತದೆ. ಎರಡರಿಂದ ಆರು ವರ್ಷದ ನಡುವೆ ಅದು ಜೋರಾಗಿರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ನಡೆಯಲು ಕಲಿತ ಮಗು ಕಂಡ ಕಂಡ ಎಲೆ, ಕಾಯಿ ಬಾಯಿಗೆ ಹಾಕಿಕೊಳ್ಳದಿರಲಿ ಅಂತ ಪ್ರಕೃತಿ ಇಟ್ಟ ಕಾವಲು ಇದು ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಹಸಿರು ಬಣ್ಣ, ಒಗರು, ಕಹಿ ಇವುಗಳ ಮೇಲೇ ಅನುಮಾನ ಹೆಚ್ಚು. ಕಹಿ ನಮಗಿಂತ ಮಕ್ಕಳ ನಾಲಿಗೆಗೆ ಜೋರಾಗಿ ತಾಗುತ್ತದೆ ಅನ್ನುವುದೂ ನಿಜ. ಹಾಗಾಗಿ 'ಇದೇನೂ ಕಹಿ ಇಲ್ಲ ಕಣೇ' ಎಂದು ನೀವು ಹೇಳುವಾಗ ಅವಳ ಪಾಲಿಗೆ ನೀವು ಸುಳ್ಳು ಹೇಳುತ್ತಿದ್ದೀರಿ.

ಈ ಭಯ ರಕ್ತದಲ್ಲೂ ಬರುತ್ತದೆ. 2007ರಲ್ಲಿ ಬ್ರಿಟನ್ನಿನ ಅವಳಿ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ, ಹೊಸ ಆಹಾರವನ್ನು ಒಲ್ಲೆ ಅನ್ನುವ ಗುಣದಲ್ಲಿ ಮಗುವಿನಿಂದ ಮಗುವಿಗೆ ಕಾಣುವ ವ್ಯತ್ಯಾಸದ ಶೇ. 78ರಷ್ಟಕ್ಕೆ ಅನುವಂಶೀಯತೆ ಕಾರಣ ಎಂದು ಲೆಕ್ಕ ಹಾಕಿತು. ನೀವು ಅಡುಗೆ ಸರಿ ಮಾಡಲಿಲ್ಲ, ಕೆಲಸಕ್ಕೆ ಹೋದಿರಿ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲಾದರೂ ಬಂದರೆ ಇದು ನೆನಪಿರಲಿ. ನಿಮ್ಮ ಅತ್ತೆಯವರ ಹತ್ತಿರ ಒಮ್ಮೆ ಆರಾಮಾಗಿ ಕೂತು, 'ನಿಮ್ಮ ಮಗ ಎರಡು ವರ್ಷದಲ್ಲಿ ಹೇಗೆ ಊಟ ಮಾಡ್ತಿದ್ರು ಅತ್ತೆ?' ಅಂತ ಕೇಳಿ. ಆ ಉತ್ತರ ನನ್ನ ಯಾವ ಪುಸ್ತಕಕ್ಕಿಂತಲೂ ಕೆಲಸಕ್ಕೆ ಬರುತ್ತದೆ.

ಈಗ ಹಾಲು. ನಿಮ್ಮ ಪತ್ರದಲ್ಲಿ ನನಗೆ ಕಂಡ ಮೊದಲ ತೊಂದರೆ ತರಕಾರಿಯದ್ದಲ್ಲ, ಇದರದ್ದು. 200 ಮಿ.ಲೀ. ಲೋಟ ಎಂದುಕೊಂಡರೂ ನಾಲ್ಕು ಲೋಟಕ್ಕೆ 800 ಮಿ.ಲೀ. ಪ್ಯಾಕೆಟ್ ಹಾಲಿನಲ್ಲಿ ಅಷ್ಟಕ್ಕೆ ಹೆಚ್ಚುಕಡಿಮೆ 460 ಕ್ಯಾಲೊರಿ. ಲೋಟಕ್ಕೆ ಎರಡು ಚಮಚ ಪೌಡರ್, ಒಂದು ಚಮಚ ಸಕ್ಕರೆ ಸೇರಿಸಿ ನೋಡಿ, 700ರ ಹತ್ತಿರ ಬಂತು. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾದದ್ದೇ ಸುಮಾರು 1,000 ಕ್ಯಾಲೊರಿ. ಅಂದರೆ ಮೂರರಲ್ಲಿ ಎರಡು ಪಾಲನ್ನು ಅವಳು ಕುಡಿದೇ ಮುಗಿಸಿದ್ದಾಳೆ. ಮಿಕ್ಕ ಒಂದು ಪಾಲಿಗೆ ಮೊಸರನ್ನ, ಬಿಸ್ಕತ್ತು ಸಾಲದೇ? ಸೋರೆಕಾಯಿ ಪಲ್ಯ ಬಂದು ನಿಲ್ಲುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವೇ ಇರುವುದಿಲ್ಲ. ಹಸಿವಿಗೆ ಟಾನಿಕ್ ಕೇಳಿದ್ದೀರಿ, ಹಸಿವನ್ನು ಕೊಲ್ಲುವ ಟಾನಿಕ್ ದಿನಕ್ಕೆ ನಾಲ್ಕು ಸಲ ನಡೆಯುತ್ತಿದೆ.

ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಹಾಲಿನ ಸುಣ್ಣದಂಶ ಅಡ್ಡ ಬರುತ್ತದೆ. ಹಾಲು ಜಾಸ್ತಿ, ನಾರು ಕಡಿಮೆ ಆದರೆ ಮಲ ಗಟ್ಟಿಯಾಗುತ್ತದೆ, ಮಲ ಕಟ್ಟಿದ ಮಗುವಿಗೆ ಹಸಿವಾಗುವುದಿಲ್ಲ, ಹಸಿವಿಲ್ಲದ ಮಗುವಿಗೆ ಮತ್ತೆ ಹಾಲು. ಈ ಗಾಣದಿಂದ ಹೊರಬರಲು ಹಾಲನ್ನು ದಿನಕ್ಕೆ 400 ಮಿ.ಲೀ.ಗೆ ಇಳಿಸಿ, ಮೊಸರೂ ಆ ಲೆಕ್ಕದಲ್ಲೇ ಸೇರಲಿ. ಒಂದೇ ದಿನಕ್ಕೆ ಬೇಡ, ನಾಲ್ಕೈದು ದಿನಕ್ಕೆ ಒಂದು ಲೋಟದಂತೆ ಕಳೆಯಿರಿ. ಮೊದಲು ಊಟದ ಮುಂಚಿನ ಲೋಟ ಹೋಗಲಿ. ರಾತ್ರಿ ಬಾಟಲಿ ಇನ್ನೂ ಇದ್ದರೆ ಅದನ್ನೂ ನಿಲ್ಲಿಸಿ, ಹಲ್ಲು ಹುಳುಕಾಗುತ್ತದೆ. ಮೂಳೆಗೆ ಸುಣ್ಣದಂಶ ಸಾಲುತ್ತದಾ ಎಂದು ಅತ್ತೆಯವರು ಕೇಳಿಯೇ ಕೇಳುತ್ತಾರೆ. ಈ ವಯಸ್ಸಿಗೆ ಬೇಕಾದ 500 ಮಿ.ಗ್ರಾಂ.ನಲ್ಲಿ ಬಹುಪಾಲು ಆ 400 ಮಿ.ಲೀ.ನಲ್ಲೇ ಬಂತು. ಉಳಿದದ್ದಕ್ಕೆ ರಾಗಿ ಇದೆ, 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗೂ ಹೆಚ್ಚು. ಪೌಡರ್ ಡಬ್ಬಿ ಖಾಲಿಯಾದ ಮೇಲೆ ಇನ್ನೊಂದು ತರಬೇಡಿ.

ಇಷ್ಟಾದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಕಷ್ಟದ್ದು, ಯಾಕೆಂದರೆ ಅದು ದೊಡ್ಡವರ ಅಭ್ಯಾಸಕ್ಕೆ ಸೇರಿದ್ದು.

ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ, ಕ್ಲಿನಿಕ್ಕಿನಲ್ಲಿ ನಾನು ಎಲ್ಲರಿಗೂ ಕೇಳುವುದು: ನಿಮ್ಮ ಮಗಳು ಯಾರಾದರೂ ಪಲ್ಯ ತಿನ್ನುವುದನ್ನು ಕೊನೆಗೆ ನೋಡಿದ್ದು ಯಾವಾಗ? ಹೆಚ್ಚಿನ ತಾಯಂದಿರು ತಡವರಿಸುತ್ತಾರೆ. ನಮ್ಮ ಬೆಂಗಳೂರಿನ ಮನೆಗಳಲ್ಲಿ ಈಗ ನಡೆಯುವುದು ಹೀಗೆ. ಏಳೂವರೆಗೆ ಮಗುವನ್ನು ನಡುಮನೆಯ ಸೋಫಾ ಮೇಲೆ ಕೂರಿಸಿ, ಕೈಗೆ ಮೊಬೈಲ್ ಕೊಟ್ಟು, ಕಲಸಿದ ಅನ್ನವನ್ನು ಬಾಯಿಗೆ ಇಡುತ್ತೇವೆ. ಅದು ಮಲಗಿದ ಮೇಲೆ ಒಂಬತ್ತೂವರೆಗೆ ದೊಡ್ಡವರ ಊಟ. ಅತ್ತೆ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತಾರೆ. ಮಗುವಿನ ಲೋಕದಲ್ಲಿ ತರಕಾರಿ ಅನ್ನುವುದು ತನಗೊಬ್ಬಳಿಗೇ ಕೊಡುವ ಔಷಧಿ. ಅಪ್ಪನ ಜೊತೆ ಕೂತ ಭಾನುವಾರ ಮಾತ್ರ ಹುರುಳಿಕಾಯಿ ಕಣ್ಣಿಗೆ ಬೀಳುತ್ತದೆ, ಅದೂ ತಟ್ಟೆಯಂಚಿಗೆ ಹೋಗುತ್ತಾ ಇರುವಾಗ! ಹೊಸ ಆಹಾರಕ್ಕೆ ಹೆದರುವ ಮಗು, ಇದು ತಿನ್ನುವಂಥದ್ದು ಅಂತ ತಿಳಿಯುವುದು ತಾನು ನಂಬಿದವರು ಅದನ್ನು ತಿನ್ನುವುದನ್ನು ನೋಡಿ.

ಆದ್ದರಿಂದ ನೀವು ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಏಳೂವರೆಗೆ, ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂರಿ. ಯಜಮಾನರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರೆ ನೀವು, ಅತ್ತೆ, ಮಗು ಮೂವರೇ ಸಾಕು. ಅತ್ತೆ ಕೂರಲೇಬೇಕು, ಬಡಿಸುತ್ತಾ ನಿಲ್ಲುವುದಲ್ಲ. ಎಲ್ಲರಿಗೂ ಒಂದೇ ಅಡುಗೆ, ಮಗುವಿನ ಪಾಲಿಗೆ ಖಾರ ಹಾಕುವ ಮುಂಚೆ ತೆಗೆದಿಡಿ. ಅವಳ ತಟ್ಟೆಯಲ್ಲಿ ಅವಳಿಗೆ ಗೊತ್ತಿರುವ ಮೊಸರನ್ನ ಇದ್ದೇ ಇರಲಿ, ಪಕ್ಕದಲ್ಲಿ ಪಲ್ಯ ಎರಡು ಚಮಚ. ಮಗುವಿನ ವಯಸ್ಸು ಎಷ್ಟು ವರ್ಷವೋ ಅಷ್ಟು ದೊಡ್ಡ ಚಮಚ ಅನ್ನುವುದು ನಾವು ಬಳಸುವ ಅಂದಾಜು, ನೀವು ಒಂದರಿಂದಲೇ ಶುರು ಮಾಡಿದರೂ ತಪ್ಪಿಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷ. ಆಮೇಲೆ ತಿಂದಿರಲಿ ಬಿಟ್ಟಿರಲಿ ತಟ್ಟೆ ಎತ್ತಿ. ಮುಂದಿನ ತಿಂಡಿ ಅಥವಾ ಊಟದವರೆಗೆ ಬಿಸ್ಕತ್ತಿನ ಡಬ್ಬಿ ಮೇಲಿನ ಕಪಾಟಿನಲ್ಲಿರಲಿ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಇದಕ್ಕೊಂದು ಸರಳ ಪಾಲು ಮಾಡಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರದು. ಎಷ್ಟು, ತಿನ್ನುವುದೋ ಬೇಡವೋ ಅನ್ನುವುದು ಮಗುವಿನದು. ಕೇಳಲು ಸುಲಭ. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನನ್ನ ಮಗ ಎರಡು ವರ್ಷದವನಿದ್ದಾಗ ಎಂಟು ತಿಂಗಳು ಮೊಸರನ್ನದ ಮೇಲೇ ಬದುಕಿದ. ಇಡೀ ದಿನ ಬೇರೆಯವರಿಗೆ 'ಹಿಂದೆ ಓಡಬೇಡಿ' ಎಂದು ಹೇಳಿ ಮನೆಗೆ ಬಂದ ನಾನು ಬಟ್ಟಲು ಹಿಡಿದು ತಾರಸಿಯವರೆಗೆ ಅವನ ಹಿಂದೆ ಓಡಿದ್ದೇನೆ.

ಇಲ್ಲಿ ನಿಮ್ಮ ಅತ್ತೆಯವರ ಪರವಾಗಿ ಒಂದು ಮಾತು. ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿ ನೀವು ಕೇಳುವ ಮೊದಲ ಪ್ರಶ್ನೆ 'ಊಟ ಮಾಡಿದ್ಳಾ? ಎಷ್ಟು ತಿಂದ್ಳು?' ಅಲ್ಲವೇ? ಆ ಪ್ರಶ್ನೆಗೆ ಉತ್ತರ ಅವರ ಆ ದಿನದ ಮಾರ್ಕ್ಸ್ ಕಾರ್ಡ್. 'ನಾಲ್ಕು ತುತ್ತು' ಎಂದರೆ ನೀವು ಸಪ್ಪಗಾಗುತ್ತೀರಿ, ಅದು ಅವರಿಗೆ ಕೇಳಿಸುತ್ತದೆ. ನಾಳೆ ಆ ನಾಲ್ಕು ಎಂಟಾಗಬೇಕಾದರೆ ಮೊಬೈಲೇ ದಾರಿ. ಸಾಲದ್ದಕ್ಕೆ ಒಂದು ಲೋಟ ಹಾಲು. ಮೊಬೈಲ್ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ತಾನು ತಿನ್ನುತ್ತಿರುವುದು ಕುಂಬಳವೋ ಆಲೂಗಡ್ಡೆಯೋ ತಿಳಿಯುವುದಿಲ್ಲ. ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಚಂದಮಾಮನನ್ನು ತೋರಿಸಿ ನಮಗೂ ಉಣಿಸಿದ್ದರಲ್ಲ ಎನ್ನುತ್ತಾರೆ. ಚಂದಮಾಮ ಐದು ಸೆಕೆಂಡಿಗೊಮ್ಮೆ ಬದಲಾಗುತ್ತಿರಲಿಲ್ಲ. ಮಗು ಚಂದ್ರನನ್ನು ನೋಡಿ, ಅಜ್ಜಿಯ ಮುಖ ನೋಡಿ, ಕೈತುತ್ತು ನೋಡಿ ಬಾಯಿ ತೆರೆಯುತ್ತಿತ್ತು. ಅತ್ತೆಯವರಿಗೆ ಇದನ್ನು ನೀವು ಹೇಳಬೇಡಿ, ಸೊಸೆ ಹೇಳಿದರೆ ಅದು ದೂರಾಗುತ್ತದೆ. ಮುಂದಿನ ಲಸಿಕೆಗೋ ತೂಕಕ್ಕೋ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಲ್ಲಿ ಹೇಳಿಸಿ. ನೀವು ಮಾಡಬೇಕಾದದ್ದು ಒಂದೇ, ಮಧ್ಯಾಹ್ನದ ಫೋನಿನಲ್ಲಿ ಊಟದ ಪ್ರಶ್ನೆ ಬಿಟ್ಟು 'ಇವತ್ತು ಏನಾಟ ಆಡಿದ್ಳು?' ಎಂದು ಕೇಳಿ. ಒಂದು ವಾರ ಸಾಕು, ಅಲ್ಲಿಯ ಬಿಗಿ ಸಡಿಲವಾಗುತ್ತದೆ.

'ಎರಡು ಬೀನ್ಸ್ ತಿಂದರೆ ಚಾಕೊಲೇಟ್' ಕೂಡ ಬೇಡ. ಬಹುಮಾನ ಕೊಟ್ಟು ತಿನ್ನಿಸಿದ ಪದಾರ್ಥದ ಮೇಲೆ ಮಕ್ಕಳಿಗೆ ಇಷ್ಟ ಇನ್ನೂ ಕಡಿಮೆಯಾಗಬಹುದು ಅನ್ನುವುದು ಕೆಲವು ಪ್ರಯೋಗಗಳಲ್ಲಿ ಕಂಡ ಸಂಗತಿ. ಲಂಚ ಕೊಟ್ಟರೆ ಮಾತ್ರ ಆಗುವ ಕೆಲಸ ಒಳ್ಳೆಯದಿರಲಾರದು ಅಂತ ಎರಡು ವರ್ಷದವರಿಗೂ ಹೊಳೆಯುತ್ತದೆ.

ಒಂದು ತರಕಾರಿಯನ್ನು ಮಗು ಒಪ್ಪಿಕೊಳ್ಳಲು ಎಂಟರಿಂದ ಹದಿನೈದು ಸಲ ಅದು ಕಣ್ಣೆದುರು ಬರಬೇಕಾಗಬಹುದು. ನಾವು ಮೂರನೆಯ ಸಲಕ್ಕೇ 'ಅವಳಿಗೆ ಬೀಟ್‌ರೂಟ್ ಆಗಲ್ಲ' ಎಂದು ಬರೆದುಬಿಡುತ್ತೇವೆ. ಬಾಯಿಗೆ ಹೋದರೆ ಮಾತ್ರ ಲೆಕ್ಕ ಅಂದುಕೊಳ್ಳಬೇಡಿ. ಮುಟ್ಟಿದ್ದು, ಮೂಸಿದ್ದು, ನೆಕ್ಕಿ ಉಗಿದದ್ದು ಎಲ್ಲವೂ ಪರಿಚಯವೇ. ಈ ಪರಿಚಯ ಅಡುಗೆಮನೆಯ ನೆಲದ ಮೇಲೆ ಆಗುವಷ್ಟು ಚೆನ್ನಾಗಿ ತಟ್ಟೆಯಲ್ಲಿ ಆಗುವುದಿಲ್ಲ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ, ಹಸಿರು ಕಂಡರೆ ಮೈಲಿ ದೂರ. ಡಿಸೆಂಬರಿನಲ್ಲಿ ಅವನ ಅಜ್ಜಿ ಮಾಗಡಿ ಕಡೆಯ ಸೊಗಡವರೆ ತಂದು, ಕಾಳು ಬಿಡಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಹಿತುಕಲು ಕೂತಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡರಂತೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳಿಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಟ್ಟನೆ ಹಾರುತ್ತದೆ. ಮೊದಲ ಬೇಳೆ ಟಿ.ವಿ.ಗೆ ಬಡಿಯಿತು, ಎರಡನೆಯದು ತಾತನ ಕನ್ನಡಕಕ್ಕೆ. ಇಪ್ಪತ್ತು ನಿಮಿಷ ಬಿಟ್ಟು ಏಳಲಿಲ್ಲವಂತೆ. ಮಧ್ಯಾಹ್ನ ಹಿತುಕಿದ ಬೇಳೆ ಸಾರಿನಲ್ಲಿ 'ನನ್ನ ಬೇಳೆ ಯಾವುದು?' ಎಂದು ಹುಡುಕಿ ಹುಡುಕಿ ಮೂರು ತಿಂದ. ಮಾರನೆಯ ದಿನ ಒಂದೂ ತಿನ್ನಲಿಲ್ಲ, ಅದೂ ಸಹಜವೇ. ಅವರೆಯ ಕಾಲವಲ್ಲದಿದ್ದರೆ ಬಟಾಣಿ ಸುಲಿಯಲು, ಮೆಂತ್ಯದ ಸೊಪ್ಪು ಬಿಡಿಸಲು ಕೂರಿಸಿ. ಯಾರಾದರೂ ದೊಡ್ಡವರು ಪಕ್ಕದಲ್ಲೇ ಇರಲಿ. ಆ ಕಾಲದಲ್ಲಿ ಮಕ್ಕಳ ಮೂಗಿನಿಂದ ನಾನು ತೆಗೆದ ಅವರೆಕಾಳಿಗೂ ಬಟಾಣಿಗೂ ಲೆಕ್ಕವಿಟ್ಟಿಲ್ಲ.

ಯಾವುದರಿಂದ ಶುರು ಮಾಡಲಿ ಅಂದರೆ, ಸಿಹಿ ಇರುವುದರಿಂದ. ಸಿಹಿಗುಂಬಳ, ಗೆಣಸು, ಕ್ಯಾರೆಟ್. ಬೀಟ್‌ರೂಟನ್ನೂ ಕೊಡಿ, ಮಾರನೆಯ ಬೆಳಿಗ್ಗೆ ಮಲ ಕೆಂಪಗಾದರೆ ಗಾಬರಿಯಾಗಿ ಆರು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಬೇಡಿ. ಬೆಂಡೆಕಾಯಿಯ ಲೋಳೆ ಕೆಲವರಿಗೆ ಹೇಸಿಗೆ, ಅದನ್ನು ಗರಿಗರಿಯಾಗಿ ಹುರಿದು ಕೊಟ್ಟರೆ ಅದೇ ಮಗು ಚಿಪ್ಸ್ ಅಂತ ತಿನ್ನುತ್ತದೆ. ಅಕ್ಕಿ ರೊಟ್ಟಿಗೆ ತುರಿದ ಕ್ಯಾರೆಟ್, ಸಬ್ಬಸಿಗೆ ಸೊಪ್ಪು ಸೇರಿಸಬಹುದು. ಮಸ್ಸೊಪ್ಪು ನಮ್ಮಲ್ಲಿ ಎಂದಿನಿಂದಲೂ ಸೊಪ್ಪನ್ನು ಬೇಳೆಯೊಳಗೆ ಕಾಣದಂತೆ ಮಾಡುವ ಅಡುಗೆಯೇ. ಹೀಗೆ ಬಚ್ಚಿಡುವುದು ತಪ್ಪಲ್ಲ, ಆದರೆ 'ಇದರಲ್ಲಿ ಏನಿದೆ?' ಎಂದು ಕೇಳಿದರೆ ನಿಜ ಹೇಳಿ. ಒಮ್ಮೆ ದೋಸೆಯಲ್ಲಿ ಮೋಸ ಕಂಡುಹಿಡಿದ ಮಗು ದೋಸೆಯನ್ನೂ ಬಿಟ್ಟರೆ ನಿಮಗೆ ಉಳಿಯುವುದು ಮೊಸರನ್ನ ಒಂದೇ.

ಪಾತ್ರೆ ಬದಲಾಯಿಸಿ ನೋಡಿ ಎಂದರೆ ನಗಬೇಡಿ. ಮನೆಯಲ್ಲಿ ಕೋಸಂಬರಿ ಮುಟ್ಟದ ಮಕ್ಕಳು ರಾಮನವಮಿಯ ದಿನ ಬೀದಿಯ ಪೆಂಡಾಲಿನ ಮುಂದೆ ನಿಂತು ದೊನ್ನೆಯಲ್ಲಿ ಕೊಟ್ಟ ಅದೇ ಹೆಸರುಬೇಳೆ ಸೌತೆಕಾಯಿಯನ್ನು ಕೈಯಲ್ಲೇ ಮುಕ್ಕುವುದನ್ನು ಪ್ರತಿ ವರ್ಷ ನೋಡುತ್ತೇನೆ. ಅಲ್ಲಿ ಯಾರೂ 'ತಿನ್ನು' ಅನ್ನುವುದಿಲ್ಲ, ಸುತ್ತ ಎಲ್ಲರೂ ತಿನ್ನುತ್ತಿರುತ್ತಾರೆ. ಗಾಂಧಿ ಬಜಾರಿನಿಂದ ಒಂದು ಕಟ್ಟು ಸಣ್ಣ ದೊನ್ನೆ ತಂದಿಟ್ಟುಕೊಳ್ಳಿ.

ಹಣ್ಣಿನ ವಿಷಯಕ್ಕೆ ನನಗೆ ಅಷ್ಟು ಚಿಂತೆಯಿಲ್ಲ, ಸಿಹಿ ಇರುವುದರಿಂದ ಹಣ್ಣು ತರಕಾರಿಗಿಂತ ಬೇಗ ವಾಪಸ್ಸು ಬರುತ್ತದೆ. ಸೇಬು, ಕಿವಿ ಅಂತ ದುಡ್ಡು ಸುರಿಯಬೇಡಿ. ಹಾಪ್‌ಕಾಮ್ಸ್‌ನಲ್ಲಿ ಸಿಗುವ ಸೀಬೆಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವ ಇದೆ. ಮಾಗಿದ್ದನ್ನು ಬೀಜ ತೆಗೆದು ಕೊಡಿ. ಮಾವು, ಪರಂಗಿ, ಸಪೋಟ ಆಯಾ ಕಾಲಕ್ಕೆ. ಜ್ಯೂಸ್ ಮಾಡಿ ಕುಡಿಸಬೇಡಿ, ನಾರು ಹೋಗುತ್ತದೆ, ಹಾಲಿನ ಹಾಗೆ ಅದೂ ಹಸಿವು ತಿನ್ನುತ್ತದೆ. ಮುರಿದ ಬಾಳೆಹಣ್ಣಿನ ರಂಪಕ್ಕೆ ಮದ್ದಿಲ್ಲ, ಅದು ವಯಸ್ಸು. ಏಲಕ್ಕಿ ಬಾಳೆ ಪುಟ್ಟದು, ಅರ್ಧ ಸಿಪ್ಪೆ ಸುಲಿದು ಇಡಿಯಾಗಿ ಅವಳ ಕೈಗೇ ಕೊಡಿ. ಮುರಿದರೆ ಅಂಟಿಸಲು ಹೋಗಬೇಡಿ, ಸಮಾಧಾನದ ಭಾಷಣವೂ ಬೇಡ. ಆ ತುಂಡನ್ನು ನೀವು ತಿಂದುಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಕ್ಕು. ದ್ರಾಕ್ಷಿಯನ್ನು ಇಡಿಯಾಗಿ ಕೊಡಬೇಡಿ, ಉದ್ದಕ್ಕೆ ನಾಲ್ಕು ಸೀಳಿ ಕೊಡಿ. ಹಸಿ ಕ್ಯಾರೆಟ್ ತುಂಡು, ಇಡೀ ಗೋಡಂಬಿ, ಬಾದಾಮಿ, ಕಡಲೆಕಾಯಿ ಬೀಜ ಐದು ವರ್ಷದವರೆಗೆ ಬೇಡವೇ ಬೇಡ. ಸೀತಾಫಲದ ಬೀಜ ತೆಗೆದೇ ಕೊಡಿ. ಬಸವನಗುಡಿಯಲ್ಲಿ ಕಾರ್ತಿಕದ ಕಡಲೆಕಾಯಿ ಪರಿಷೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದ ಮಗುವಿನ ಕೈಗೂ ಎರಡು ಬೀಜ ಹೋಗುತ್ತದೆ. ಅಲ್ಲೂ ಬೇಡ. ಓಡುವಾಗ, ನಗುವಾಗ, ಅಳುವಾಗ ಬಾಯಲ್ಲಿದ್ದ ಬೀಜ ಶ್ವಾಸನಾಳಕ್ಕೆ ಇಳಿಯುತ್ತದೆ. ಹಿಂದೆ ಓಡಿ ಉಣಿಸಬೇಡಿ ಎನ್ನುವುದಕ್ಕೆ ಇದೂ ಕಾರಣ.

ಮನೆಯಲ್ಲಿ ಸಂಭಾಳಿಸುವುದನ್ನು ಬಿಟ್ಟು ಡಾಕ್ಟರನ್ನು ನೋಡಬೇಕಾದ ಸಂದರ್ಭಗಳಿವೆ. ತೂಕದ ಗೆರೆ ಕೆಳಕ್ಕೆ ತಿರುಗಿದರೆ, ತಿನ್ನುವ ಪದಾರ್ಥಗಳು ಒಂದೊಂದಾಗಿ ಕಡಿಮೆಯಾಗುತ್ತಾ ಹೋಗಿ ಬಿಟ್ಟದ್ದು ತಿಂಗಳಾದರೂ ಮತ್ತೆ ಬಾರದಿದ್ದರೆ, ತರಿ ಇರುವ ಯಾವುದನ್ನು ಬಾಯಿಗೆ ಇಟ್ಟರೂ ಓಕರಿಸಿದರೆ, ನುಂಗುವಾಗ ಕೆಮ್ಮಿದರೆ ತಡಮಾಡಬೇಡಿ. ಊಟದ ಹಟದ ಜೊತೆಗೆ ಹೆಸರು ಕರೆದರೆ ತಿರುಗಿ ನೋಡುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಎರಡು ವರ್ಷ ದಾಟಿದರೂ ಎರಡು ಪದ ಜೋಡಿಸಿ ಮಾತಾಡುವುದಿಲ್ಲ ಅಂತಿದ್ದರೆ ಅದು ಬರೀ ಊಟದ ಮಾತಲ್ಲ, ಬೆಳವಣಿಗೆಯ ಪರೀಕ್ಷೆ ಮಾಡಿಸಬೇಕು. ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಿದ್ದಾಳಾ ನೋಡಿ. ಅದು ಬಹಳ ಸಲ ರಕ್ತಹೀನತೆಯ ಗುರುತು.

ಕೊನೆಗೆ ನಿಮ್ಮ ಟಾನಿಕ್. ಹಸಿವಿನ ಟಾನಿಕ್ ಎಂದು ಅಂಗಡಿಯಲ್ಲಿ ಕೊಡುವ ಹಲವು ಸೀಸೆಗಳಲ್ಲಿ ಇರುವುದು ಸೈಪ್ರೊಹೆಪ್ಟಡೀನ್ ಎಂಬ ಅಲರ್ಜಿ ಔಷಧಿ. ಕುಡಿಯುವಷ್ಟು ದಿನ ಹಸಿವು ಏರುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತದೆ, ನಡುವೆ ಮಗು ತೂಕಡಿಸುತ್ತದೆ. ನಾನು ಬರೆಯುವುದಿಲ್ಲ. ಬದಲಿಗೆ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಇದೆ. ಇಷ್ಟು ಹಾಲು ಕುಡಿಯುವ ಮಗುವಿಗೆ ಆ ಸಾಧ್ಯತೆ ಇನ್ನೂ ಹೆಚ್ಚು. ರಕ್ತಹೀನತೆಯೇ ಹಸಿವು ಕೆಡಿಸುತ್ತದೆ ಕೂಡ. ನಿಮ್ಮ ಮಗಳ ವಯಸ್ಸಿಗೆ 11 ಗ್ರಾಂಗಿಂತ ಕಡಿಮೆ ಬಂದರೆ ನಿಮ್ಮ ಡಾಕ್ಟರು ತೂಕ ನೋಡಿ ಕಬ್ಬಿಣದ ಸಿರಪ್ ಬರೆಯುತ್ತಾರೆ. ಸರಿಯಾಗಿ ಬಂದರೂ ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಮೂಲಕ ಈ ವಯಸ್ಸಿನವರಿಗೆ ವಾರಕ್ಕೆ ಎರಡು ಸಲದ 1 ಮಿ.ಲೀ. ಸಿರಪ್ ಉಚಿತವಾಗಿ ಸಿಗುತ್ತದೆ, ಕೇಳಿ ಪಡೆಯಿರಿ. ಜಂತುಹುಳುವಿನ ಮಾತ್ರೆ ಈ ಆರು ತಿಂಗಳಲ್ಲಿ ಆಗಿದೆಯಾ ಎಂಬುದನ್ನೂ ನೋಡಿಕೊಳ್ಳಿ. ಸಿರಪ್ಪನ್ನು ಹಾಲಿನ ಜೊತೆ ಕೊಡಬೇಡಿ, ಎರಡರ ನಡುವೆ ಒಂದೆರಡು ಗಂಟೆ ಇರಲಿ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದ ದಿನ ಅದರ ಜೊತೆ ಕೊಟ್ಟರೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಗೆ ಹೋಗುತ್ತದೆ, ಅದನ್ನು ಅತ್ತೆಯವರಿಗೆ ಮೊದಲೇ ಹೇಳಿಡಿ.